ಮಗು ಬೇಕು, ಮಗು ಆಗ್ತಿಲ್ಲ, ಸದ್ಯಕ್ಕೆ ಬೇಡ: ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಯಾಗಿ ಆರು ತಿಂಗಳು ಕಳೆಯುವುದೇ ತಡ. ಗೃಹಪ್ರವೇಶಕ್ಕೆ ಹೋದರೂ ಸರಿ, ನಾಮಕರಣಕ್ಕೆ ಹೋದರೂ ಸರಿ, ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳೇ ಕೇಳುತ್ತಾರೆ: "ಏನಮ್ಮಾ, ಏನಾದ್ರೂ ವಿಶೇಷಾನಾ?" ಅದಕ್ಕೆ ಏನು ಉತ್ತರ ಕೊಡಬೇಕೋ ನನಗೂ ಗೊತ್ತಿಲ್ಲ. ನಾನು ಬೆಂಗಳೂರಿನ ಒಂದು ಸಂತಾನ ಚಿಕಿತ್ಸೆಯ ಕ್ಲಿನಿಕ್ಕಿನಲ್ಲಿ ಕೌನ್ಸೆಲರ್. ಡಾಕ್ಟರ್ ಅಲ್ಲ. ಡಾಕ್ಟರ ರೂಮಿನಿಂದ ಹೊರಗೆ ಬಂದ ಮೇಲೆ "ಮೇಡಂ, ಒಂದು ಕೇಳ್ಲಾ?" ಅಂತ ಮೆಲ್ಲಗೆ ಶುರುವಾಗುವ ಪ್ರಶ್ನೆಗಳು ನನ್ನ ಪಾಲಿನವು. ಅವನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಮೈಗೆ ಏನು ಔಷಧ ಅನ್ನುವುದನ್ನು ಮಾತ್ರ ನಿಮ್ಮ ಡಾಕ್ಟರೇ ಹೇಳಬೇಕು.

ತಿಂಗಳಲ್ಲಿ ಯಾವ ದಿನ ಸೇರಿದರೆ ಗರ್ಭ ನಿಲ್ಲುತ್ತದೆ?

ಮೊದಲು ಲೆಕ್ಕ ಎಲ್ಲಿಂದ ಶುರು ಅಂತ ತಿಳಿದುಕೊಳ್ಳಿ. ಮುಟ್ಟು ಶುರುವಾದ ದಿನವೇ 1ನೇ ದಿನ. ತುಂಬಾ ಜನ ಮುಟ್ಟು ನಿಂತ ದಿನದಿಂದ ಎಣಿಸುತ್ತಾರೆ, ಅಲ್ಲೇ ಐದು ದಿನ ತಪ್ಪಿಹೋಗುತ್ತದೆ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅದರ ಪಕ್ಕದಲ್ಲೇ ಒಂದು ಸಣ್ಣ ಚುಕ್ಕಿ ಇಟ್ಟರೆ ಸಾಕು. ಆಪ್ ಬೇಕೇ ಬೇಕು ಅಂತೇನೂ ಇಲ್ಲ.

ಎರಡನೇ ತಪ್ಪು "ಹದಿನಾಲ್ಕನೇ ದಿನ" ಅನ್ನುವುದು. ಅಂಡಾಣು ಹೊರಗೆ ಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅದು 14ನೇ ದಿನ, ಸರಿ. 35 ದಿನಕ್ಕೊಮ್ಮೆ ಆಗುವವರಿಗೆ 21ನೇ ದಿನದ ಹತ್ತಿರ. ಇಂಥವರು 14ನೇ ದಿನವನ್ನೇ ಹಿಡಿದುಕೊಂಡು ಒಂದು ವರ್ಷ ಪ್ರಯತ್ನಪಟ್ಟು ಸೋತು ಬಂದಿದ್ದನ್ನು ನೋಡಿದ್ದೇನೆ.

ಹೊರಬಂದ ಅಂಡಾಣು ಬದುಕುವುದು 12ರಿಂದ 24 ಗಂಟೆ ಮಾತ್ರ. ವೀರ್ಯಾಣು ಹೆಂಗಸಿನ ದೇಹದೊಳಗೆ ಐದು ದಿನದವರೆಗೂ ಬದುಕಿರಬಲ್ಲದು. ಹಾಗಾಗಿ ಅಂಡಾಣು ಬರುವ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನ ಮುಖ್ಯ. ಬಸ್ ಹೋದ ಮೇಲೆ ಸ್ಟಾಪಿಗೆ ಓಡಿ ಬಂದರೆ ಏನು ಪ್ರಯೋಜನ? ಮೊದಲೇ ಬಂದು ನಿಂತಿರಬೇಕು. ದಿನ ಹುಡುಕಿ ತಲೆ ಕೆಡಿಸಿಕೊಳ್ಳುವ ಬದಲು ಎರಡು ದಿನಕ್ಕೊಮ್ಮೆ ಸೇರಿದರೆ ಲೆಕ್ಕ ತಾನಾಗೇ ಕೂಡಿಬರುತ್ತದೆ. ಬಿಳಿಸ್ರಾವ ಮೊಟ್ಟೆಯ ಬಿಳಿಯ ಹಾಗೆ ಜಾರುತ್ತಾ, ಎಳೆದರೆ ಎಳೆ ಬರುವ ಹಾಗೆ ಇದ್ದರೆ ಆ ದಿನಗಳು ಹತ್ತಿರ ಬಂದಿವೆ ಅಂತ ತಿಳಿಯಿರಿ.

ಡಾಕ್ಟರ್ ಹತ್ತಿರ ಹೋಗುವ ಮುಂಚೆ ಎಷ್ಟು ದಿನ ಕಾಯಬೇಕು?

ಹೆಂಡತಿಗೆ 35 ಆಗಿಲ್ಲದಿದ್ದರೆ ಒಂದು ವರ್ಷ. 35 ದಾಟಿದ್ದರೆ ಆರು ತಿಂಗಳು. 40 ದಾಟಿದ್ದರೆ ಕಾಯಲೇಬೇಡಿ. ವಯಸ್ಸು ಎಷ್ಟೇ ಇರಲಿ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ, ಹಿಂದೆ ಕ್ಷಯ ಬಂದಿದ್ದರೆ, ಹೊಟ್ಟೆಯ ಆಪರೇಷನ್ ಆಗಿದ್ದರೆ, ಗಂಡನಿಗೆ ಚಿಕ್ಕಂದಿನಲ್ಲಿ ವೃಷಣ ಕೆಳಗೆ ಇಳಿದಿಲ್ಲ ಅಂತ ಆಪರೇಷನ್ ಮಾಡಿದ್ದರೆ ಮೊದಲೇ ಹೋಗಿ.

ಏನೂ ತೊಂದರೆ ಇಲ್ಲದ ಎಳೆ ವಯಸ್ಸಿನ ಜೋಡಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಇಲ್ಲ. ವರ್ಷ ತುಂಬುವ ಹೊತ್ತಿಗೆ ನೂರರಲ್ಲಿ 80ಕ್ಕೂ ಹೆಚ್ಚು ಜೋಡಿಗಳಿಗೆ ಆಗಿರುತ್ತದೆ.

ಒಂದು ಮಾತು. ಆ ಒಂದು ವರ್ಷ ಅಂದರೆ ಒಟ್ಟಿಗೆ ಇದ್ದ ವರ್ಷ. ಅವರು ಪುಣೆಯಲ್ಲಿ, ಇವರು ವೈಟ್‌ಫೀಲ್ಡಿನಲ್ಲಿ, ತಿಂಗಳಿಗೆ ಎರಡು ವೀಕೆಂಡ್ ಭೇಟಿ. ಅಥವಾ ಇಬ್ಬರೂ ಒಂದೇ ಮನೆಯಲ್ಲಿದ್ದಾರೆ, ಆದರೆ ಒಬ್ಬರಿಗೆ ನೈಟ್ ಶಿಫ್ಟ್. ಇವರನ್ನು "ಹೋದ ತಿಂಗಳು ಎಷ್ಟು ಸಲ?" ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಇದಕ್ಕೆ ಬೇಕಿರೋದು ರಜೆ.

ಸಾಮಾನ್ಯವಾಗಿ ತೊಂದರೆ ಹೆಂಗಸರದ್ದೇ ಅಲ್ವಾ?

ಅಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ಕಡೆಯಿಂದಲೂ ಕಾರಣ ಇರುತ್ತದೆ. ಕೆಲವು ಸಲ ಅವನದೊಂದೇ, ಕೆಲವು ಸಲ ಇಬ್ಬರದ್ದೂ ಸೇರಿ.

ಒಂದು ಫೈಲಿನ ಕಥೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿದ್ದೇನೆ. ನೀಲಿ ಪ್ಲಾಸ್ಟಿಕ್ ಫೈಲು, ಕೈಯಲ್ಲಿ ಹಿಡಿದರೆ ಒಂದು ಕೇಜಿ ತೂಗುತ್ತಿತ್ತು. ಮೂರು ವರ್ಷದ ರಿಪೋರ್ಟ್. ಥೈರಾಯ್ಡ್ ನಾಲ್ಕು ಸಲ, ಸ್ಕ್ಯಾನಿಂಗ್ ಹನ್ನೊಂದು ಸಲ, ಗರ್ಭನಾಳ ತೆರೆದಿದೆಯಾ ಅಂತ ನೋಡುವ ಟ್ಯೂಬ್ ಟೆಸ್ಟ್ ಒಂದು, ಹೊಟ್ಟೆಗೆ ತೂತು ಮಾಡಿ ನೋಡಿದ ಲ್ಯಾಪರೊಸ್ಕೋಪಿ ಒಂದು. ಎಲ್ಲವೂ ನಾರ್ಮಲ್. ಹಿಂದಿನ ಪಾಕೆಟ್ಟಿನಲ್ಲಿ ಮಡಿಸಿದ ಕಾಗದದಲ್ಲಿ ಘಾಟಿ ಸುಬ್ರಹ್ಮಣ್ಯದ ಕುಂಕುಮ. ಅಷ್ಟು ದಪ್ಪದ ಫೈಲಿನಲ್ಲಿ ಗಂಡನ ಹೆಸರಿನ ಒಂದು ಹಾಳೆಯೂ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಅವರೂ ಮಾಡಿಸಿರಲಿಲ್ಲ.

ವೀರ್ಯ ಪರೀಕ್ಷೆ ಈ ಎಲ್ಲದರಲ್ಲೂ ಅಗ್ಗದ್ದು. ಸೂಜಿ ಇಲ್ಲ, ನೋವಿಲ್ಲ. ಆ ಗಂಡನದ್ದು ಮಾಡಿಸಿದಾಗ ವೀರ್ಯಾಣು ಸಂಖ್ಯೆ ಸೊನ್ನೆ. ಎರಡನೇ ಸಲವೂ ಸೊನ್ನೆ. ಕೇಳುತ್ತಾ ಹೋದಾಗ ಗೊತ್ತಾಯಿತು, ಎರಡು ವರ್ಷದಿಂದ ಜಿಮ್ಮಿನಲ್ಲಿ ಯಾರೋ ಹೇಳಿದ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ತಗೊಳ್ಳುತ್ತಿದ್ದರು. ತೋಳು ದಪ್ಪವಾಗಿತ್ತು. ಹೊರಗಿನಿಂದ ಈ ಹಾರ್ಮೋನ್ ಬಂದರೆ ಮೆದುಳು "ಸಾಕಷ್ಟಿದೆ" ಅಂದುಕೊಂಡು ವೃಷಣಕ್ಕೆ ಸಿಗ್ನಲ್ ಕಳಿಸುವುದನ್ನೇ ನಿಲ್ಲಿಸುತ್ತದೆ. ಅಲ್ಲಿ ವೀರ್ಯಾಣು ತಯಾರಿಕೆ ಬಂದ್. ಗಂಡಸುತನಕ್ಕೆ ಅಂತ ಚುಚ್ಚಿಸಿಕೊಂಡಿದ್ದು ಮಾಡಿದ ಕೆಲಸ ಇದು. ಇಂಜೆಕ್ಷನ್ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಕೆಲವು ತಿಂಗಳಿಂದ ಒಂದು ವರ್ಷದೊಳಗೆ ವೀರ್ಯಾಣು ವಾಪಸ್ ಬರುತ್ತದೆ, ಎಲ್ಲರಿಗೂ ಅಲ್ಲ. ಇವರಿಗೆ ಬಂತು. ಹೆಂಡತಿ ಆ ದಿನ ನನ್ನ ಮುಂದೆ ಅಳಲಿಲ್ಲ. ಲ್ಯಾಪರೊಸ್ಕೋಪಿಯ ಬಿಲ್ ತೆಗೆದು ಗಂಡನ ಮುಂದಿಟ್ಟರು, ಅಷ್ಟೇ.

ವೀರ್ಯ ಪರೀಕ್ಷೆಗೆ ಸ್ಯಾಂಪಲ್ ಮನೆಯಿಂದಲೇ ತರಬಹುದಾ?

ತರಬಹುದು, ಆದರೆ ಒಂದು ಗಂಟೆಯೊಳಗೆ ಲ್ಯಾಬಿಗೆ ತಲುಪಬೇಕು. ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು. ಮೈ ಬಿಸಿ ಉಳಿಯುವ ಹಾಗೆ ಒಳಜೇಬಿನಲ್ಲಿ ಇಟ್ಟುಕೊಂಡು ಬರಬೇಕು. ಎಲೆಕ್ಟ್ರಾನಿಕ್ ಸಿಟಿಯಿಂದ ಸಿಲ್ಕ್ ಬೋರ್ಡ್ ದಾಟಿ ಬೆಳಗ್ಗೆ ಒಂಬತ್ತಕ್ಕೆ ಬರುವವರಿಗೆ ಕೈಮುಗಿದು ಹೇಳುತ್ತೇನೆ, ಕ್ಲಿನಿಕ್ಕಿನ ರೂಮಿನಲ್ಲೇ ಕೊಡಿ. ನಾಚಿಕೆ ಐದು ನಿಮಿಷ. ಸಿಗ್ನಲ್ಲಿನಲ್ಲಿ ಸತ್ತ ಸ್ಯಾಂಪಲ್ಲಿನ ರಿಪೋರ್ಟ್ ತಲೆಯಲ್ಲಿ ತಿಂಗಳುಗಟ್ಟಲೆ ಕೊರೆಯುತ್ತದೆ.

ಪರೀಕ್ಷೆಗೆ ಮುಂಚೆ 2ರಿಂದ 7 ದಿನ ವೀರ್ಯ ಹೊರಹೋಗಿರಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಕೆಳಗಿನ ಗಡಿ ಇದು: ಪ್ರಮಾಣ 1.4 ಮಿಲಿ, ಪ್ರತಿ ಮಿಲಿಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ಚಲಿಸುವವು 42 ಪರ್ಸೆಂಟ್, ಸರಿಯಾದ ಆಕಾರದವು 4 ಪರ್ಸೆಂಟ್. ಹೌದು, ನಾಲ್ಕೇ. "ನೂರರಲ್ಲಿ 96 ಕೆಟ್ಟಿದೆಯಂತೆ" ಅಂತ ರಾತ್ರಿ ನಿದ್ದೆಗೆಟ್ಟವರು ಬೇಕಾದಷ್ಟು ಜನ. ಅದು ನಾರ್ಮಲ್ ರಿಪೋರ್ಟ್ ಸ್ವಾಮಿ.

ಒಂದು ರಿಪೋರ್ಟ್ ನೋಡಿ ತೀರ್ಮಾನ ಬೇಡ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು. ಮಳೆಗಾಲದಲ್ಲಿ ಡೆಂಗಿ ಬಂದು ಜ್ವರದಲ್ಲಿ ಮಲಗಿದ್ದರೆ ಅದರ ಪೆಟ್ಟು ದಸರಾ ಹೊತ್ತಿಗೆ ರಿಪೋರ್ಟಿನಲ್ಲಿ ಕಾಣಬಹುದು. ಎರಡು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿಸಿ.

ಲ್ಯಾಪ್‌ಟಾಪ್, ಬಿಸಿನೀರು, ಟೈಟ್ ಜೀನ್ಸ್?

ವೃಷಣ ದೇಹದ ಹೊರಗೆ ನೇತಾಡುವುದೇ ತಂಪಿಗಾಗಿ. ಅದಕ್ಕೆ ದೇಹಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಬಿಸಿ ಬೇಕು. ಲ್ಯಾಪ್‌ಟಾಪನ್ನು ಟೇಬಲ್ ಮೇಲೆ ಇಡಿ, ಸಾಕು. ಅದಕ್ಕಿಂತ ಜಾಸ್ತಿ ಹಾಳುಮಾಡುವುದು ಸಿಗರೇಟು, ಗುಟ್ಕಾ, ಲೆಕ್ಕವಿಲ್ಲದ ಕುಡಿತ.

ರಕ್ತಪರೀಕ್ಷೆಯಲ್ಲಿ ಎಎಂಎಚ್ ಕಡಿಮೆ ಬಂದಿದೆ. ಇನ್ನು ಮಕ್ಕಳಾಗೋದೇ ಇಲ್ವಾ?

ಹೆಣ್ಣುಮಗು ಹುಟ್ಟುವಾಗಲೇ ಅಂಡಾಣುಗಳ ಪೂರ್ತಿ ದಾಸ್ತಾನು ಇಟ್ಟುಕೊಂಡು ಹುಟ್ಟುತ್ತದೆ. 10ರಿಂದ 20 ಲಕ್ಷ. ಮೈನೆರೆಯುವ ಹೊತ್ತಿಗೆ ಉಳಿಯುವುದು ಮೂರು ನಾಲ್ಕು ಲಕ್ಷ. ಜೀವಮಾನದಲ್ಲಿ ಹೊರಬರುವುದು 400ರಿಂದ 500 ಮಾತ್ರ. ಉಳಿದವು ಒಳಗೇ ಕರಗಿಹೋಗುತ್ತವೆ, ಮಾತ್ರೆ ತಗೊಂಡರೂ, ಬಸಿರಾದರೂ, ಏನು ಮಾಡಿದರೂ.

ಎಎಂಎಚ್ ಹೇಳುವುದು ಡಬ್ಬದಲ್ಲಿ ಎಷ್ಟು ಉಳಿದಿದೆ ಅಂತ. ಉಳಿದದ್ದು ಚೆನ್ನಾಗಿದೆಯಾ ಅನ್ನುವುದನ್ನು ಹೇಳುವುದು ಹೆಚ್ಚಾಗಿ ವಯಸ್ಸು. ಮುಟ್ಟು ಸರಿಯಾಗಿ ಬರುತ್ತಿರುವ 28ರ ಹುಡುಗಿಗೆ ಎಎಂಎಚ್ ಕಡಿಮೆ ಇದ್ದರೂ ತಿಂಗಳಿಗೆ ಬೇಕಾದದ್ದು ಒಂದೇ ಅಂಡಾಣು ತಾನೇ? ಐವಿಎಫ್‌ನಲ್ಲಿ (ದೇಹದ ಹೊರಗೆ, ಲ್ಯಾಬಿನಲ್ಲಿ ಭ್ರೂಣ ಮಾಡುವ ಚಿಕಿತ್ಸೆ) ಎಷ್ಟು ಅಂಡಾಣು ಸಿಗಬಹುದು ಅಂತ ಅಂದಾಜು ಮಾಡಲು ಈ ಟೆಸ್ಟ್ ಒಳ್ಳೆಯದು. ತಾನಾಗಿ ಮಗು ಆಗುತ್ತದಾ ಅಂತ ಭವಿಷ್ಯ ಹೇಳಲು ಅಲ್ಲ. ಮದುವೆಗೆ ಮುಂಚೆ ಪ್ಯಾಕೇಜಿನಲ್ಲಿ ಇದನ್ನೂ ಸೇರಿಸಿ ಹೆದರಿಸುವುದು ನನಗಂತೂ ಇಷ್ಟವಿಲ್ಲ.

ಪಿಸಿಓಡಿ ಇದೆ ಅಂದರು.

ಇದು ಹಾರ್ಮೋನ್ ಏರುಪೇರಿನಿಂದ ಆಗುವ ಅಂಡಾಶಯದ ತೊಂದರೆ, ಬರೀ ನೀರುಗುಳ್ಳೆಗಳ ರೋಗ ಅಲ್ಲ. ಸ್ಕ್ಯಾನಿಂಗ್‌ನಲ್ಲಿ ಕಾಣುವುದು ಅರ್ಧದಲ್ಲೇ ಬೆಳವಣಿಗೆ ನಿಂತ ಅಂಡಾಣು ಚೀಲಗಳು. ಅಂಡಾಣು ಹೊರಬರುತ್ತಿಲ್ಲ, ಅದಕ್ಕೇ ಮುಟ್ಟು ತಡ. ತೂಕ ಜಾಸ್ತಿ ಇರುವವರು ನೂರಕ್ಕೆ ಐದರಿಂದ ಹತ್ತರಷ್ಟು ತೂಕ ಇಳಿಸಿದರೂ ಎಷ್ಟೋ ಸಲ ಮುಟ್ಟು ತಾನಾಗಿ ಸರಿಹೋಗುತ್ತದೆ. ಇಲ್ಲದಿದ್ದರೆ ಅಂಡಾಣು ಹೊರಬರಲು ನೆರವಾಗುವ ಲೆಟ್ರೊಝೋಲ್ ಅನ್ನುವ ಐದು ದಿನದ ಮಾತ್ರೆ ಇದೆ. ಮಗು ಆಗದಿರುವ ಕಾರಣಗಳಲ್ಲಿ ಗೆಲ್ಲಲು ಸುಲಭವಾದದ್ದು ಇದೇ. ಗರ್ಭಿಣಿಯಾದಾಗ ಸಕ್ಕರೆ ಪರೀಕ್ಷೆ ಮಾತ್ರ ಬಿಡಬೇಡಿ.

ಟ್ಯೂಬ್ ಬ್ಲಾಕ್ ಯಾಕೆ ಆಗುತ್ತದೆ?

ಹೆಚ್ಚಾಗಿ ಸೋಂಕಿನಿಂದ. ನಮ್ಮ ದೇಶದಲ್ಲಿ ಕ್ಷಯವೂ ಮುಖ್ಯ ಕಾರಣ. ಕೆಮ್ಮು ಇಲ್ಲದೆಯೂ ಅದು ಗರ್ಭನಾಳದಲ್ಲಿ ಸದ್ದಿಲ್ಲದೆ ಕೂರಬಹುದು. ಎರಡೂ ಟ್ಯೂಬ್ ಮುಚ್ಚಿದ್ದರೆ ಹೆಚ್ಚಾಗಿ ಐವಿಎಫ್ ದಾರಿಯೇ.

ಐಯುಐ, ಐವಿಎಫ್ ಎರಡೂ ಒಂದೇನಾ?

ಅಲ್ಲ. ಐಯುಐ ಅಂದರೆ ವೀರ್ಯವನ್ನು ತೊಳೆದು, ಚುರುಕಾದ ವೀರ್ಯಾಣುಗಳನ್ನು ತೆಳು ಕೊಳವೆಯಲ್ಲಿ ಗರ್ಭಕೋಶದೊಳಗೆ ಬಿಡುವುದು. ಹತ್ತು ನಿಮಿಷದ ಕೆಲಸ. ಮುಂದಿನದು ದೇಹದ ಒಳಗೇ ನಡೆಯಬೇಕು. ಒಂದು ಸಲಕ್ಕೆ ಫಲಿಸುವುದು ನೂರರಲ್ಲಿ ಹತ್ತು ಹದಿನೈದು.

ಐವಿಎಫ್‌ನಲ್ಲಿ ಹತ್ತು ಹನ್ನೆರಡು ದಿನ ಹೊಟ್ಟೆಗೆ ಇಂಜೆಕ್ಷನ್. ಒಂದರ ಬದಲು ಹಲವು ಅಂಡಾಣು ಬೆಳೆಯಲಿ ಅಂತ. ಕೊನೆಗೆ ಅಂಡಾಣು ಪೂರ್ತಿ ಮಾಗಲು ಒಂದು ಟ್ರಿಗರ್ ಇಂಜೆಕ್ಷನ್, ಡಾಕ್ಟರ್ ಹೇಳಿದ ನಿಮಿಷಕ್ಕೇ. ರಾತ್ರಿ ಹತ್ತೂವರೆ ಅಂದರೆ ಹತ್ತೂವರೆ. ಅದಾದ 34ರಿಂದ 36 ಗಂಟೆಯೊಳಗೆ ಅರಿವಳಿಕೆ ಕೊಟ್ಟು ಅಂಡಾಣು ಹೊರತೆಗೆಯುತ್ತಾರೆ. ಲ್ಯಾಬಿನಲ್ಲಿ ವೀರ್ಯಾಣು ಸೇರಿಸುತ್ತಾರೆ. ವೀರ್ಯಾಣು ತೀರಾ ಕಡಿಮೆ ಇದ್ದರೆ ಒಂದೊಂದು ಅಂಡಾಣುವಿಗೂ ಒಂದೊಂದು ವೀರ್ಯಾಣುವನ್ನು ಸೂಜಿಯಿಂದ ಒಳಗೆ ಬಿಡುತ್ತಾರೆ, ಅದು ಇಕ್ಸಿ. ಐದನೇ ದಿನದ ಭ್ರೂಣವನ್ನು ಗರ್ಭಕೋಶಕ್ಕೆ ಬಿಟ್ಟು ಎರಡು ವಾರ ಕಾಯಬೇಕು. ಆ ಎರಡು ವಾರದ ಫೋನುಗಳೇ ನನಗೆ ಕಷ್ಟ. 35ರೊಳಗಿನವರಿಗೂ ಒಂದು ಸಲಕ್ಕೆ ಹತ್ತರಲ್ಲಿ ಮೂರು ನಾಲ್ಕು ಜನಕ್ಕೆ ಫಲಿಸಬಹುದು. 42 ದಾಟಿದ ಮೇಲೆ ಸ್ವಂತ ಅಂಡಾಣುವಿನಿಂದ ಹತ್ತರಲ್ಲಿ ಒಂದಕ್ಕೂ ಕಡಿಮೆ. "ಗ್ಯಾರಂಟಿ" ಅಂತ ಬೋರ್ಡ್ ಹಾಕಿದ ಕಡೆ ಒಳಗೇ ಹೋಗಬೇಡಿ.

ಪ್ರಣಾಳ ಶಿಶು, ಅಂದರೆ ಐವಿಎಫ್ ಮಗು, ವಿದೇಶದಿಂದ ಬಂದ ವಿದ್ಯೆ ಅನ್ನುವವರಿಗೆ ಒಂದು ಸಂಗತಿ. ಜಗತ್ತಿನ ಮೊದಲ ಪ್ರಣಾಳ ಶಿಶು ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ ಎರಡನೆಯದು ಹುಟ್ಟಿತು. ಅವರ ಮಾತನ್ನು ಆಗ ಯಾರೂ ನಂಬಲಿಲ್ಲ. 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ ಮಗುವೇ ಭಾರತದ ಮೊದಲನೆಯದು ಅಂತ ದಾಖಲಾಯಿತು. ಆ ಮುಂಬೈ ತಂಡದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್ ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು. ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, ಮೊದಲಿಗರು ನಾವಲ್ಲ, ಅವರು ಅಂತ ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ 1997ರಲ್ಲಿ ಬರೆದರು. ತನ್ನ ಹೆಸರಿನ ಮುಂದಿದ್ದ "ಮೊದಲ" ಅನ್ನುವ ಪದವನ್ನು ತಾನೇ ಅಳಿಸಿಹಾಕುವವರು ಎಷ್ಟು ಜನ ಸಿಗುತ್ತಾರೆ ಹೇಳಿ.

ಭ್ರೂಣ ಬಿಟ್ಟ ಮೇಲೆ ಆಟೋದಲ್ಲಿ ಮನೆಗೆ ಹೋದರೆ ಗುಂಡಿಗೆ ಬಿದ್ದು ಹೊರಗೆ ಬಂದುಬಿಡುತ್ತಾ?

ಇದನ್ನು ಕೇಳದವರೇ ಇಲ್ಲ. ನಮ್ಮ ರಸ್ತೆಗಳ ಮಹಿಮೆ. ಬರುವುದಿಲ್ಲ. ಗರ್ಭಕೋಶ ಖಾಲಿ ಚೀಲದ ಹಾಗೆ ಬಾಯಿ ತೆರೆದುಕೊಂಡಿರುವುದಿಲ್ಲ, ಅದರ ಎರಡು ಗೋಡೆಗಳು ಅಂಟಿಕೊಂಡಿರುತ್ತವೆ. ಬೆಣ್ಣೆ ಸವರಿದ ಬನ್ನಿನ ನಡುವೆ ಒಂದು ಚಿರೋಟಿ ರವೆ ಕಾಳು ಸಿಕ್ಕಿದ ಹಾಗೆ ಭ್ರೂಣ ಕೂತಿರುತ್ತದೆ. ಬನ್ ಅಲ್ಲಾಡಿಸಿದರೆ ಕಾಳು ಬೀಳುತ್ತದಾ? ದಿನಗಟ್ಟಲೆ ಮಲಗಿರುವುದರಿಂದ ಲಾಭವೂ ಇಲ್ಲ. ಮೆಟ್ಟಿಲು ಹತ್ತಿ, ಅಡುಗೆ ಮಾಡಿ, ಗರ್ಭ ನಿಲ್ಲಲು ಅಂತ ಕೊಟ್ಟ ಪ್ರೊಜೆಸ್ಟೆರಾನ್ ಹಾರ್ಮೋನ್ ಮಾತ್ರ ತಪ್ಪಿಸಬೇಡಿ.

ಘಾಟಿಗೆ ಹೋಗೋಣವಾ, ಕ್ಲಿನಿಕ್ಕಿಗೆ ಬರೋಣವಾ?

ಎರಡಕ್ಕೂ ಹೋಗಿ. ನಾಗರಕಲ್ಲು ಪ್ರತಿಷ್ಠೆ ಮಾಡಿಸಿ, ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಹರಕೆ ಹೊತ್ತುಕೊಳ್ಳಿ. ಮನಸ್ಸಿಗೆ ಧೈರ್ಯ ಬಂದರೆ ನನ್ನ ಕೆಲಸ ಅರ್ಧ ಕಡಿಮೆ. ನನ್ನ ತಕರಾರು ಒಂದೇ: ಆಷಾಢ ಕಳೆಯಲಿ, ಪಿತೃಪಕ್ಷ ಕಳೆಯಲಿ, ಧನುರ್ಮಾಸ ಕಳೆಯಲಿ ಅನ್ನುವುದು. 29ರವರಿಗೆ ಪರವಾಗಿಲ್ಲ. 39ರವರ ಅಂಡಾಣು ಪಂಚಾಂಗ ನೋಡುವುದಿಲ್ಲ.

ಕಾನೂನು ಏನು ಹೇಳುತ್ತದೆ?

2021ರಲ್ಲಿ ಎರಡು ಕಾಯ್ದೆ ಬಂದವು, ಸಂತಾನ ಚಿಕಿತ್ಸೆಗೊಂದು, ಬಾಡಿಗೆ ತಾಯ್ತನಕ್ಕೊಂದು; 2022ರ ಜನವರಿಯಿಂದ ಜಾರಿಯಲ್ಲಿವೆ. ಐವಿಎಫ್‌ನಂಥ ಚಿಕಿತ್ಸೆ ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55ರ ನಡುವೆ ಮಾತ್ರ. ಅಂಡಾಣು ಕೊಡುವವರು 23ರಿಂದ 35ರೊಳಗಿರಬೇಕು, ಜೀವನದಲ್ಲಿ ಒಂದೇ ಸಲ ಕೊಡಬಹುದು. ದುಡ್ಡಿಗೆ ಬಾಡಿಗೆ ತಾಯ್ತನ ನಿಷೇಧ. ಮದುವೆಯಾಗದ ಹೆಂಗಸೂ ದಾನಿಯ ವೀರ್ಯದಿಂದ ಚಿಕಿತ್ಸೆ ಪಡೆಯಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. "ಗಂಡು ಭ್ರೂಣವನ್ನೇ ಬಿಡ್ತೀರಾ?" ಅಂತ ಕೇಳಬೇಡಿ. ಅದು ಅಪರಾಧ.

ಈಗ ತಾನೇ ಮದುವೆ. ಎರಡು ವರ್ಷ ಮಗು ಬೇಡ. ಏನು ಮಾಡೋದು?

ಕಾಂಡೋಮ್ ಅಥವಾ ದಿನದ ಮಾತ್ರೆ. ಕಾಂಡೋಮನ್ನು ಪ್ರತಿಸಲ ಸರಿಯಾಗಿ ಬಳಸಿದರೆ ವರ್ಷಕ್ಕೆ ನೂರರಲ್ಲಿ ಇಬ್ಬರು ಗರ್ಭಿಣಿಯಾಗಬಹುದು. ಜನ ನಿಜವಾಗಿ ಬಳಸುವ ರೀತಿಯಲ್ಲಿ 13. "ಹೊರಗೆ ತೆಗೀತೀವಿ" ಅನ್ನುವವರಲ್ಲಿ 20ರ ಹತ್ತಿರ. ಗರ್ಭಕೋಶದೊಳಗೆ ಹಾಕುವ ಕಾಪರ್ ಟಿಯಲ್ಲಿ ಒಂದಕ್ಕೂ ಕಡಿಮೆ.

ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಿರೋಧ್ ಕಾಂಡೋಮ್, ದಿನದ ಮಾಲಾ-ಎನ್ ಮಾತ್ರೆ, ಛಾಯಾ ಮಾತ್ರೆ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್, ಕಾಪರ್ ಟಿ ಎಲ್ಲ ಉಚಿತ. ಛಾಯಾದಲ್ಲಿ ಹಾರ್ಮೋನ್ ಇಲ್ಲ. ಲಕ್ನೋದ ಸರ್ಕಾರಿ ಪ್ರಯೋಗಾಲಯ ಕಂಡುಹಿಡಿದದ್ದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು.

ಇದೆಲ್ಲ ಇತ್ತೀಚಿನದು ಅಂದುಕೊಳ್ಳಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಮೈಸೂರು ಸರ್ಕಾರ ಆದೇಶ ಹೊರಡಿಸಿದ್ದು 1930ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ನಮ್ಮ ಅಜ್ಜಿಯರ ಕಾಲದ್ದು.

ಮಾತ್ರೆ ತಗೊಂಡರೆ ಮುಂದೆ ಮಕ್ಕಳಾಗಲ್ವಂತೆ?

ಆಗುತ್ತವೆ. ನಿಲ್ಲಿಸಿದ ಒಂದೆರಡು ತಿಂಗಳಲ್ಲೇ ಅಂಡಾಣು ಬರುವುದು ಶುರುವಾಗಬಹುದು. ಅಂತರಾ ಇಂಜೆಕ್ಷನ್ ಮಾತ್ರ ಸ್ವಲ್ಪ ನಿಧಾನ, ಕೊನೆಯ ಡೋಸ್ ಆದ ಮೇಲೆ ಏಳರಿಂದ ಹತ್ತು ತಿಂಗಳು ಹಿಡಿಯಬಹುದು. 35 ದಾಟಿ ಸಿಗರೇಟು ಸೇದುವವರು, ಬಿಪಿ ಜಾಸ್ತಿ ಇರುವವರು, ಕಣ್ಣಿಗೆ ಮಿಂಚು ಬಂದು ಅರೆತಲೆನೋವು ಬರುವವರು ಮಾಲಾ-ಎನ್ ಥರದ ಮಾತ್ರೆ ತಗೊಳ್ಳಬಾರದು.

72 ಗಂಟೆಯ ಮಾತ್ರೆ ಗರ್ಭಪಾತದ ಮಾತ್ರೆಯಾ?

ಅಲ್ಲ. ಸೇರಿದ ಮೂರು ದಿನದೊಳಗೆ ನುಂಗುವ ಈ ತುರ್ತು ಮಾತ್ರೆ ಅಂಡಾಣು ಹೊರಬರುವುದನ್ನು ಮುಂದೂಡುತ್ತದೆ, ಅಷ್ಟೇ. ಅಂಡಾಣು ಬಂದಾಗಿದ್ದರೆ ಅದರ ಆಟ ನಡೆಯದು. ಹಾಗಾಗಿ ಎಷ್ಟು ಬೇಗ ತಗೊಂಡರೆ ಅಷ್ಟು ಒಳ್ಳೆಯದು. ಐದು ದಿನದೊಳಗೆ ಕಾಪರ್ ಟಿ ಹಾಕಿಸಿಕೊಂಡರೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಗರ್ಭಪಾತದ ಮಾತ್ರೆ ಬೇರೆಯೇ. ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗಬೇಡಿ. ಗರ್ಭ ಟ್ಯೂಬಿನಲ್ಲಿ ನಿಂತಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ಟ್ಯೂಬ್ ಒಡೆದರೆ ಜೀವಕ್ಕೇ ಅಪಾಯ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯದ ಮೇಲೆ ಗರ್ಭಪಾತ ಮಾಡಿಸಲು ಕಾನೂನಿನಲ್ಲಿ ಅವಕಾಶ ಇದೆ. 18 ತುಂಬಿದವರಿಗೆ ಅವರದೊಂದೇ ಒಪ್ಪಿಗೆ ಸಾಕು. ಗಂಡನ ಸಹಿ ಬೇಕಿಲ್ಲ, ಮದುವೆ ಆಗಿರಬೇಕು ಅಂತಲೂ ಇಲ್ಲ.

ಕಾಪರ್ ಟಿ ಎದೆಗೆ ಹತ್ತುತ್ತಾ?

ಇಲ್ಲ. ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ಮೊದಲ ಕೆಲವು ತಿಂಗಳು ಮುಟ್ಟಿನಲ್ಲಿ ರಕ್ತ, ನೋವು ಜಾಸ್ತಿ ಇರಬಹುದು. 380ಎ ಅನ್ನುವುದು ಹತ್ತು ವರ್ಷ ಬರುತ್ತದೆ.

ಹಾಲು ಕುಡಿಸುವಾಗ ಗರ್ಭ ನಿಲ್ಲಲ್ಲ ಅಲ್ವಾ?

ಮೂರು ಷರತ್ತು ಸೇರಿದರೆ ಮಾತ್ರ: ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಬಂದಿರಬಾರದು. ಒಂದು ತಪ್ಪಿದರೂ ಬೇರೆ ಉಪಾಯ ಬೇಕು. ಮುಟ್ಟು ಬರುವ ಮುಂಚೆಯೇ ಅಂಡಾಣು ಬರಬಹುದು, ಮರೆಯಬೇಡಿ.

ಪಪ್ಪಾಯಿ, ಎಳ್ಳು?

ತಿನ್ನಿ. ಗರ್ಭ ತಡೆಯಲು ಅಂತ ನಂಬಿಕೊಂಡು ಕೂರಬೇಡಿ.

ಎರಡು ಮಕ್ಕಳಾಗಿವೆ. ಆಪರೇಷನ್ ನಾನು ಮಾಡಿಸಿಕೊಳ್ಳಲಾ?

"ನಾನು" ಅನ್ನುತ್ತಿರುವುದು ಯಾರು? ಯಾವಾಗಲೂ ಹೆಂಡತಿ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ 37.9 ಪರ್ಸೆಂಟ್ ಈ ಆಪರೇಷನ್ನನ್ನೇ ನೆಚ್ಚಿಕೊಂಡಿದ್ದಾರೆ. ಗಂಡನ ಆಪರೇಷನ್ 0.3. ನೀಲಿ ಫೈಲಿನ ಲೆಕ್ಕವೇ ಇಲ್ಲೂ.

ಗಂಡಸಿನದು ಚಾಕು ಹಾಕದ, ಹೊಲಿಗೆ ಇಲ್ಲದ ವಿಧಾನ. ಆ ಜಾಗಕ್ಕೆ ಮಾತ್ರ ಮರಗಟ್ಟಿಸಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಅದೇ ದಿನ ಮನೆಗೆ. ಹೊಟ್ಟೆ ಕೊಯ್ಯುವುದಿಲ್ಲ. ಶಕ್ತಿ ಹೋಗುತ್ತದೆ, ಗಾಡಿ ಓಡಿಸಲಾಗದು, ಭಾರ ಎತ್ತಲಾಗದು ಅನ್ನುವುದೆಲ್ಲ ಸುಳ್ಳು. ಹಾರ್ಮೋನ್ ರಕ್ತಕ್ಕೆ ಹೋಗುವ ದಾರಿ ಬೇರೆ, ಅದನ್ನು ಯಾರೂ ಮುಟ್ಟುವುದಿಲ್ಲ. ಒಂದೇ ಎಚ್ಚರ: ನಾಳದಲ್ಲಿ ಹಳೆಯ ವೀರ್ಯಾಣು ಉಳಿದಿರುತ್ತವೆ. ಮೂರು ತಿಂಗಳು ಕಾಂಡೋಮ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆಯಲ್ಲಿ ಸೊನ್ನೆ ಬಂದ ಮೇಲೆ ಬಿಡಿ.

ಮೊದಲ ಸಲ ಕ್ಲಿನಿಕ್ಕಿಗೆ ಬರುವಾಗ ಏನೇನು ತರಬೇಕು?

ಹಿಂದಿನ ಮೂರು ನಾಲ್ಕು ಮುಟ್ಟಿನ ತಾರೀಖು, ಹಳೆಯ ರಿಪೋರ್ಟ್, ತಗೊಳ್ಳುತ್ತಿರುವ ಮಾತ್ರೆಗಳ ಚೀಟಿ. ಬಸಿರಾಗುವ ಯೋಚನೆ ಇದ್ದರೆ ಫೋಲಿಕ್ ಆಸಿಡ್ ಈಗಲೇ ಶುರು ಮಾಡುವ ಬಗ್ಗೆ ಕೇಳಿ. ಅತ್ತೆ, ಅಮ್ಮ, ನಾದಿನಿ ಬಂದರೆ ಬರಲಿ, ಹೊರಗೆ ಕೂರಲಿ. ಗಂಡ ಒಳಗೆ ಬರಲೇಬೇಕು. ರಿಸೆಪ್ಷನ್ನಿನಲ್ಲಿ ಫೈಲಿನ ಮೇಲೆ ಹೆಂಡತಿ ಹೆಸರು ಮಾತ್ರ ಬರೆದು ಕೊಟ್ಟರೆ ಪೆನ್ನು ಕೇಳಿ ತಗೊಂಡು, ಕೆಳಗೆ ಗಂಡನ ಹೆಸರನ್ನೂ ನೀವೇ ಬರೆಯಿರಿ.